ದಿಕ್ಕು

ಫ್ರೀಜರಿನೊಳಗೆ ಮೈನಸ್ ಇಪ್ಪತ್ತು,
ಹೊರಗೆ ಅಲ್ ಐನ್‌ನ ಬಿಸಿಲು, ನಲವತ್ತೆಂಟು.
ನಡುವೆ ನಾನು.
ಕೈಯಲ್ಲಿ ಒಂಟೆಯ ಮುಂಗಾಲಿನ ಎಲುಬು,
ಉಪ್ಪುನೀರಿನ ಬಟ್ಟೆಯಲ್ಲಿ ಸುತ್ತಿದ್ದು,
ಈಗಷ್ಟೇ ಮೀಯಿಸಿದ ಕೂಸಿನ ಹಾಗೆ.

ಇದಕ್ಕೂ ಮೊದಲು ಹನ್ನೊಂದು ವರ್ಷ
ಶಾರ್ಜಾದಲ್ಲಿ ಕಾಂಕ್ರೀಟು ಒಡೆದವನು ನಾನು.
ಏಳನೇ ದಿನಕ್ಕೆ ಕೆಲವು ಘನ, ಇಪ್ಪತ್ತೆಂಟಕ್ಕೆ ಉಳಿದವು.
ಯಾವ ಮಗ್ಗುಲಿಗೆ ಇಟ್ಟರೂ ಹೆಚ್ಚುಕಡಿಮೆ ಅದೇ ಅಂಕಿ.
ಕಾಂಕ್ರೀಟಿಗೆ ದಿಕ್ಕಿಲ್ಲ.
ನಮಗೂ ಆಗ ಅಷ್ಟೇನೂ ಇರಲಿಲ್ಲ:
ಒಂದು ಕೋಣೆ, ಎಂಟು ಮಂಚ,
ಹಿಂದೆ ಇದ್ದವರು ಯಾರೋ ಸೀಲಿಂಗಿಗೆ ಅಂಟಿಸಿ ಹೋದ
ಕಿಬ್ಲಾದ ಹಸಿರು ಬಾಣ.

ಎಲುಬು ಹಾಗಲ್ಲ ಖಾರ್ವಿ, ಅದಕ್ಕೆ ನಾರಿದೆ
ಅಂದಳು ಮೌಜಾ, ಮೊದಲ ದಿನ.
ನನಗೆ ನಗು ಬಂತು.
ಗಂಗೊಳ್ಳಿಯಲ್ಲಿ ದೋಣಿ ಕಟ್ಟುತ್ತಿದ್ದ ಮಾವ
ಹಲಗೆಯ ಮೇಲೆ ಹೆಬ್ಬೆರಳು ಎಳೆದು
"ಇದ್ ಹೀಂಗೆ ಹೋತ್, ಹಾಂಗೆ ಬತ್ತಿಲ್ಲೆ" ಅನ್ನುತ್ತಿದ್ದ.
ಉಳಿ ಎತ್ತುತ್ತಿದ್ದದ್ದು ಆಮೇಲೆ.

ವಜ್ರದ ಬ್ಲೇಡು. ನೀರು ಬಿಟ್ಟುಕೊಂಡು, ಅವಸರವಿಲ್ಲದೆ.
ಬಿಸಿಯಾದರೆ ಎಲುಬು ಸುಳ್ಳು ಹೇಳುತ್ತದೆ,
ಒಣಗಿದರೆ ಬಡಾಯಿ ಕೊಚ್ಚುತ್ತದೆ.
ಐದೈದು ಮಿಲಿಮೀಟರಿನ ಘನಗಳು,
ಚೌಕಾಬಾರದ ಕವಡೆಗಿಂತ ಚಿಕ್ಕವು.
ಕೊಯ್ದ ಕೂಡಲೆ ಪೆನ್ಸಿಲಿನ ಚುಕ್ಕೆ ಇಡಬೇಕು:
ಕಾಲಿನ ಉದ್ದಕ್ಕೆ ಒಂದು,
ಬಳೆ ತಿರುಗಿದ ಹಾಗೆ ಸುತ್ತ ತಿರುಗುವ ಕಡೆಗೆ ಎರಡು,
ಮಜ್ಜೆಯಿಂದ ಚರ್ಮದ ಕಡೆಗೆ ಮೂರು.
ಬಿಳಿಗೆ ಬಿಳಿ. ಚುಕ್ಕೆ ತಪ್ಪಿದರೆ
ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ.

ಎಲುಬು ಯಾರದ್ದೆಂದು ಕೇಳಬಾರದು. ಕೇಳಿದೆ.
ಅವಳ ಅಜ್ಜನ ಓಟದ ಒಂಟೆಯಂತೆ.
ಚಳಿಗಾಲದ ತಾಲೀಮಿನಲ್ಲಿ ಬಿತ್ತು.
ಮುರಿದದ್ದು ಎಡಗಾಲು,
ಇದು ಬಲಗಾಲು.

ದವಡೆ ಇಳಿಯುತ್ತದೆ, ನಿಮಿಷಕ್ಕೆ ಅರ್ಧ ಮಿಲಿಮೀಟರು.
ಪರದೆಯ ಮೇಲೆ ಗೆರೆ ಏರುತ್ತದೆ, ಏರುತ್ತದೆ,
ಹುರಿಗಡಲೆ ಕಡಿದಷ್ಟು ಸದ್ದು.
ಒಂದು ಚುಕ್ಕೆ: ನೂರ ತೊಂಬತ್ತೊಂದು.
ಒಂದು ಚುಕ್ಕೆ: ನೂರ ಎಂಬತ್ತಾರು.
ಎರಡು ಚುಕ್ಕೆ: ನೂರ ಇಪ್ಪತ್ತೆಂಟು.
ಮೂರು ಚುಕ್ಕೆಯದು ಇನ್ನೂ ಕೆಳಗೆ.
ಅದೇ ಎಲುಬು, ಅದೇ ಒಂಟೆ.
ಕೇಳುವ ಕಡೆ ಬದಲಾದರೆ
ಹೇಳುವುದೂ ಬದಲು.

ಒಂದು ಗುರುವಾರ ಅಜ್ಜ ತಾವೇ ಬಂದರು.
ಊರುಗೋಲು, ಧೂಳು ಹಿಡಿದ ಚಪ್ಪಲಿ.
ಕುರ್ಚಿ ಕೊಟ್ಟರೆ ಕೂರಲಿಲ್ಲ.
ಗ್ರಾಫು ತೋರಿಸಿದರೆ ನೋಡಲಿಲ್ಲ.
ತಮಗೆ ಬರುವಷ್ಟು ಹಿಂದಿಯಲ್ಲಿ ನನ್ನನ್ನೇ ಕೇಳಿದರು:
ಯಾವ ಕಡೆಗೆ ಗಟ್ಟಿ ಇದ್ದಳು?

ನಿಲ್ಲುವ ಕಡೆಗೆ, ಅಂದೆ.

ಬಹಳ ಹೊತ್ತಾದ ಮೇಲೆ ಅಂದರು:
ಬಿದ್ದದ್ದು ಪಕ್ಕಕ್ಕೆ.

ಮೌಜಾ ಸುಮ್ಮನೆ ನಲ್ಲಿ ನಿಲ್ಲಿಸಿದಳು,
ನಿಂತೇ ಇದ್ದ ನಲ್ಲಿಯನ್ನು.

ಹದಿನೇಳನೇ ಘನ ತಟ್ಟೆಯಲ್ಲಿ ಉಳಿದಿತ್ತು.
ತೊಳೆಯುವಾಗ ಚುಕ್ಕೆ ಅಳಿಸಿಹೋಗಿ
ಲೆಕ್ಕದಿಂದ ಹೊರಗಿಟ್ಟದ್ದು.
ಅಜ್ಜ ಅದನ್ನೆತ್ತಿ ಹೆಬ್ಬೆರಳಿನಲ್ಲಿ ತಿಕ್ಕಿದರು,
ಆರೂ ಮುಖ, ಒಂದಾದ ಮೇಲೊಂದು.
ಮಾವನ ಬೆರಳಿಗೆ ಹಲಗೆ ಹೇಳಿದ್ದನ್ನು
ಇಷ್ಟು ಸಣ್ಣ ಎಲುಬು ಇವರಿಗೆ ಹೇಳಲಿಲ್ಲ.
ಒಡೆದರೆ ಗೊತ್ತಾಗುತ್ತದಲ್ಲ, ಅಂದರು.
ಗೊತ್ತಾಗುತ್ತದೆ. ಆದರೆ ಆಮೇಲೆ
ಗುರುತು ಹಾಕಲಿಕ್ಕೆ ಏನೂ ಇರುವುದಿಲ್ಲ.

ತಲೆಯಾಡಿಸಿ, ಕಂದೂರದ ಜೇಬಿಗೆ ಹಾಕಿಕೊಂಡು
ಹೊರಟೇಬಿಟ್ಟರು.
ಬಾಗಿಲಿನಲ್ಲಿ ಬಿಸಿಗಾಳಿ ಒಮ್ಮೆ ಒಳಗೆ ಬಂತು.

ನಿಯಮದ ಪ್ರಕಾರ ಮಾದರಿ ಹೊರಗೆ ಹೋಗುವಂತಿಲ್ಲ.
ಮೌಜಾ ನನ್ನ ಮುಖ ನೋಡಿದಳು,
ನಾನು ಬ್ರಶ್ಶು ಹಿಡಿದು ದವಡೆಯ ಪುಡಿ ಗುಡಿಸುತ್ತಿದ್ದೆ.

ರಾತ್ರಿ, ನನ್ನ ಸ್ವಂತ ನೋಟ್‌ಬುಕ್ಕಿನಲ್ಲಿ, ಕನ್ನಡದಲ್ಲಿ,
ಹದಿನೇಳರ ಎದುರು ಹಿಂದೆಯೇ ಬರೆದಿದ್ದ
"ದಿಕ್ಕಿಲ್ಲ" ಅನ್ನುವುದನ್ನು ಹೊಡೆದುಹಾಕಿದೆ.
ಪಕ್ಕದಲ್ಲಿ ಬರೆದೆ:
ವಾರಸುದಾರರು ಒಯ್ದರು.